ಚೊಂಬಿನ ಹೊಲ

ಶಾಂಭವಿ ಮೇಡಂ ಐರ್ಲೆಂಡಿಗೆ ಹೋಗಿ ಬಂದದ್ದೇ ಭಗವಂತರಾಯನ ಕೇಡಿಗೆ ಕಾರಣವಾಯಿತು. ಎಲ್ಲರ ಹಾಗೆ ಅವರೂ ಒಂದು ಕೋಟೆಯ ಮುಂದೆ, ಒಂದು ಸಮುದ್ರದ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಚಾಕಲೇಟು ಹೊತ್ತು ಬಂದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಅವರು ಇಳಿದುಕೊಂಡಿದ್ದ ಹಳ್ಳಿಯಲ್ಲಿ ಒಬ್ಬ ಮುದುಕ ಅವರನ್ನು ಬೇಲಿಯಿಂದ ಬೇಲಿಗೆ ನಡೆಸಿ, ಇದು ಬಾವಿಯ ಹೊಲ, ಇದು ವಿಧವೆಯ ಹೊಲ, ಅಗೋ ಅದು ಕುಂಟ ಕುದುರೆಯ ಹೊಲ ಎಂದು ಹೊಲಕ್ಕೊಂದು ಹೆಸರು, ಹೆಸರಿಗೊಂದು ಕತೆ ಹೇಳಿಬಿಟ್ಟಿದ್ದ. ಊರಿನವರೆಲ್ಲ ಸೇರಿ ಆ ಹೆಸರುಗಳನ್ನು ಹುಡುಕಿ ತೆಗೆದು ಪ್ರತಿ ಹೊಲದ ಮುಂದೂ ಕಲ್ಲು ನೆಟ್ಟಿದ್ದರಂತೆ. ಮೇಡಂಗೆ ಅಲ್ಲೇ ಕಣ್ಣು ಒದ್ದೆಯಾಯಿತು. ತಮಗೂ ಹೀಗೊಂದು ಬೇರು ಬೇಕಲ್ಲ ಅನ್ನಿಸಿತು. ಬೇರು ಬೇಕಾದದ್ದು ಮೇಡಂಗೆ. ಅಗೆಯುವ ಕೆಲಸ ಬಿದ್ದದ್ದು ಭಗವಂತರಾಯನ ತಲೆಗೆ.

ಭಗವಂತರಾಯ ಕೆ.ಆರ್. ಪುರದ ತೂಗುಸೇತುವೆ ದಾಟಿ ಇನ್ನೂ ಒಳಕ್ಕೆ ಹೋದರೆ ಸಿಗುವ ‘ಲಾರ್ಡ್ಸ್ ಮೆಡೋ’ ಅಪಾರ್ಟ್‌ಮೆಂಟಿನ ಮ್ಯಾನೇಜರು. ಅಲ್ಲಿ ಲಾರ್ಡ್ ಇರಲಿಲ್ಲ, ಹುಲ್ಲುಗಾವಲೂ ಇರಲಿಲ್ಲ. ಮ್ಯಾನೇಜರಿಗೆ ಮ್ಯಾನೇಜ್ ಮಾಡಲು ಅಧಿಕಾರವೂ ಇರಲಿಲ್ಲ. ಲಿಫ್ಟು ನಿಂತರೆ, ನೀರಿನ ಟ್ಯಾಂಕರು ಬರದಿದ್ದರೆ, ಒಬ್ಬರ ನಾಯಿ ಇನ್ನೊಬ್ಬರ ಬಾಗಿಲಲ್ಲಿ ಗಲೀಜು ಮಾಡಿದರೆ ಬೈಸಿಕೊಳ್ಳಲು ಒಂದು ಮುಖ ಬೇಕಾಗುತ್ತದೆ. ಆ ಮುಖ ಅವನದು. ಕಲಬುರಗಿ ಕಡೆಯಿಂದ ಬಂದು ಬೈಯಪ್ಪನಹಳ್ಳಿಯ ಬಾಡಿಗೆ ರೂಮುಗಳಲ್ಲಿ ಉಸಿರುಗಟ್ಟಿದವನಿಗೆ, ಇಲ್ಲಿ ಗೇಟಿನ ಪಕ್ಕದ ಖೋಲಿಯೊಂದು ವಾಸಕ್ಕೆ ಸಿಕ್ಕಿತ್ತು. ಹೆಂಡತಿ ಜಟ್ಟೆಮ್ಮ ಅದರ ಮುಂದೆ ತುಳಸಿ ನೆಟ್ಟು, ಒಳಗೆ ರೊಟ್ಟಿ ಬಡಿದು ಅದನ್ನು ಮನೆ ಮಾಡಿದ್ದಳು. ಈಗ ಆ ಖೋಲಿಯ ಮೇಲೆ ಅಸೋಸಿಯೇಷನ್ನಿನ ಸೆಕ್ರೆಟರಿ ಸುನೀಲನ ಕಣ್ಣು ಬಿದ್ದಿತ್ತು. ಅಲ್ಲಿ ನಾಯಿಗಳಿಗೆ ಶಾಂಪೂ ಸ್ನಾನದ ಕೋಣೆ ಮಾಡಬೇಕೆಂಬುದು ಅವನ ಕನಸು. ಮನುಷ್ಯರಿಗಿಂತ ನಾಯಿಗಳಿಗೆ ಮೊದಲ ಆದ್ಯತೆ ಕೊಡುವಷ್ಟು ನಾಗರಿಕತೆ ಲಾರ್ಡ್ಸ್ ಮೆಡೋಗೆ ಬಂದಾಗಿತ್ತು.

ನವೆಂಬರಿನ ಆ ಭಾನುವಾರ ಸಂಜೆ ಅಪಾರ್ಟ್‌ಮೆಂಟಿನ ರಾಜ್ಯೋತ್ಸವ. ಬೆಳಿಗ್ಗೆ ಅಧ್ಯಕ್ಷೆ ಶಾಂಭವಿ ಮೇಡಂ ಅವನನ್ನು ಕರೆಸಿದರು. ಪಕ್ಕದಲ್ಲಿ ಸುನೀಲ ಕಾಫಿ ಕುಡಿಯುತ್ತಿದ್ದ.

“ಭಗವಂತರಾಯ್, ನಮ್ಮ ಬ್ಲಾಕ್‌ಗಳಿಗೆ ಎ, ಬಿ, ಸಿ, ಡಿ ಅಂತಿರೋದು ಛೆ, ಜೈಲ್ ಥರ ಕೇಳ್ಸುತ್ತೆ. ಇಲ್ಲಿ ಮುಂಚೆ ಹೊಲಗಳಿತ್ತಲ್ಲ, ಆ ಹೆಸರೇ ಇಡೋಣ. ನೀವು ಹಳೇ ಊರಿಗೆ ಹೋಗಿ, ಯಾವ ಹೊಲಕ್ಕೆ ಯಾವ ಹೆಸರು, ಯಾಕ್ ಬಂತು ಅಂತ ಕೇಳ್ಕೊಂಡು ಬನ್ನಿ. ಸಂಜೆ ಅನೌನ್ಸ್ ಮಾಡ್ತೀನಿ.”

“ಇವತ್ತೇ ಏನ್ರಿ ಮೇಡಂ?”

“ಇವತ್ತೇ. ಪೂರ್ತಿ ನಿಜ ಇರ್ಬೇಕು. ಚೆನ್ನಾಗೂ ಇರ್ಬೇಕು.”

ಸುನೀಲ ಕಪ್ಪು ಕೆಳಗಿಟ್ಟ. “ಮೇಡಂ, ಆ ಗೇಟ್ ರೂಮ್ ವಿಷ್ಯ…”

“ಇವರು ಇದೊಂದು ಕೆಲಸ ಚೆನ್ನಾಗಿ ಮಾಡ್ಲಿ, ರೂಮ್ ಇವರ ಹತ್ರಾನೇ ಇರ್ಲಿ. ಅದನ್ನೂ ಸ್ಟೇಜ್ ಮೇಲೇ ಹೇಳ್ಬಿಡ್ತೀನಿ” ಎಂದರು ಮೇಡಂ. ಸುನೀಲ ಬಾಯಿಯ ಬಿಸ್ಕತ್ತು ಕಳಕೊಂಡ ನಾಯಿಯಂತೆ ಮುಖ ಮಾಡಿದ.

ಅಪಾರ್ಟ್‌ಮೆಂಟಿನ ಹಿಂದಿನ ರಾಜಕಾಲುವೆ ದಾಟಿದರೆ ಹಳೇ ಸೊಣ್ಣಕುಂಟೆ. ಒಂದು ಕಾಲಕ್ಕೆ ಊರು. ಈಗ ಬಾಡಿಗೆ ಕಟ್ಟಡಗಳ ಗುಡ್ಡೆ. ಹೊಲ ಮಾರಿದವರೆಲ್ಲ ಮಹಡಿಯ ಮೇಲೆ ಮಹಡಿ ಕಟ್ಟಿಸಿ, ತಾವು ಕೆಳಗಿನ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಮೇಲಿನವರು ನೀರು ಜಾಸ್ತಿ ಬಿಡುತ್ತಾರೇನೋ ಎಂದು ಕಿವಿಗೊಟ್ಟು ಕೂತಿದ್ದರು. ಅವರ ಪೈಕಿ ಹಿರೀಕನೆಂದರೆ ಪಿಳ್ಳಪ್ಪ. ಕೊರಳಲ್ಲಿ ಎತ್ತಿನ ಹಗ್ಗದಷ್ಟು ದಪ್ಪದ ಚಿನ್ನದ ಸರ. ಹೊಲ ಮಾರಿದ ಮೇಲೆ ಆತ ಮಣ್ಣು ಮುಟ್ಟಿದ್ದೆಂದರೆ ಗಣೇಶನ ಹಬ್ಬದಲ್ಲಿ ಮಾತ್ರ.

“ಹೊಲದ್ ಹೆಸ್ರಾ? ಅದುಕ್ಯಾಕ್ ಸಾ ಇಷ್ಟ್ ದೂರ ಬಂದ್ರಿ? ಎಲ್ಲಾ ನಮ್ ತಾತಂದೇ. ಒಂದುಕ್ಕೆ ದೊಡ್ಡ ಪಿಳ್ಳಪ್ಪ ಬ್ಲಾಕು ಅಂತ ಮಡಗಿ, ಇನ್ನೊಂದುಕ್ಕೆ ಚಿಕ್ಕ ಪಿಳ್ಳಪ್ಪ ಬ್ಲಾಕು. ಮಿಕ್ಕಿದ್ದುಕ್ಕೆ ನನ್ ಹೆಸ್ರು ಇದ್ದೇ ಐತೆ.”

ಎದುರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಪಿಳ್ಳಮ್ಮ ಎಂಬ ಮುದುಕಿ ಕುಲುಕುಲು ನಕ್ಕಳು. ಪಿಳ್ಳಪ್ಪನಿಗೂ ಅವಳಿಗೂ ದೂರದ ನೆಂಟಸ್ತಿಕೆ, ಹತ್ತಿರದ ವೈರ.

“ನಿಮ್ ತಾತನ್ದಾ? ಆ ಬಿ ಬಿಲ್ಡಿಂಗ್ ಇರೋ ಹೊಲ ನಿಮ್ ತಾತ ಕೊಟ್ಟು ಒಂದು ಕತ್ತೆ ತಗೊಂಡ. ಆ ಕತ್ತೆ ಮಾರ್ನೇ ದಿನ ಹಗ್ಗ ಕಿತ್ಕೊಂಡು ಹಳೇ ಯಜಮಾನನ್ ಮನೇಗೇ ಹೊಂಟೋಯ್ತು. ಹೊಲಾನೂ ಇಲ್ಲ, ಕತ್ತೇನೂ ಇಲ್ಲ. ಅವತ್ತಿಂದ ಅದು ಕತ್ತೆ ಹೊಲ. ಬರ್ಕೊಳಪ್ಪಾ.”

ಪಿಳ್ಳಪ್ಪ ಕುರ್ಚಿಯಿಂದ ಎದ್ದ. “ಸಿ ಬಿಲ್ಡಿಂಗಿಂದೂ ಹೇಳಮ್ಮಿ ಮತ್ತೆ! ಇವ್ರತ್ತೆ ಕುಡುಗೋಲು ಹಿಡ್ಕಂಡು ಗಂಡನ್ನ ಕೆರೆ ಏರೀಗಂಟ ಓಡಿಸ್ಕಂಡ್ ಹೋಗಿದ್ಲು ಸಾ. ಆ ವಯ್ಯ ಏರಿ ದಾಟಿ ಓಡ್ದೋನು ಹೊಸಕೋಟೇಲಿ ನಿಂತ್ಕಂಡ್ನಂತೆ. ಅದುಕ್ಕೇ ಓಡಿದ್ ಹೊಲ ಅಂತ!”

“ಎ ಬಿಲ್ಡಿಂಗ್ ಎಲ್ಲಿ ಐತೆ ಹೇಳ್ಲಾ? ನಿಮ್ಮೋರ್ ತಿಪ್ಪೆ ಮೇಲೆ!”

ಜಗಳಕ್ಕೆ ಜನ ಸೇರಿತು. ಹಿಂದೆ ನಿಂತವರಿಗೆ ಏನೆಂದು ತಿಳಿಯಲಿಲ್ಲ; ತಿಳಿಯದವರು ಸುಮ್ಮನಿರುವ ಪದ್ಧತಿ ಸೊಣ್ಣಕುಂಟೆಯಲ್ಲಿಲ್ಲ. ಅಪಾರ್ಟ್‌ಮೆಂಟಿನವರು ಹಳೇ ಹೊಲದವರನ್ನು ಹುಡುಕುತ್ತಿದ್ದಾರಂತೆ ಎಂದು ಒಬ್ಬ ಹೇಳಿದ. ಯಾರ ತಾತನ ಹೆಸರು ಸಿಕ್ಕುತ್ತದೋ ಅವರಿಗೆ ಒಂದು ಫ್ಲಾಟಂತೆ ಎಂದು ಇನ್ನೊಬ್ಬ ಸೇರಿಸಿದ. ಮರುಕ್ಷಣವೇ ಓಣಿಯ ತುಂಬ ತಾತಂದಿರು ಹುಟ್ಟಿಕೊಂಡರು. ಬದುಕಿದ್ದಾಗ ಒಂದು ತುತ್ತು ಮುದ್ದೆಗೆ ಮೊಮ್ಮಕ್ಕಳ ಕೈ ನೋಡಿದ ಮುದುಕರೆಲ್ಲ ಈಗ ಜಮೀನ್ದಾರರಾಗಿ ಎದ್ದು ನಿಂತರು.

“ನಮ್ ತಾತನ್ ಹೆಸ್ರು ಬರ್ಕೊಳ್ರೀ!”

“ಮೊದ್ಲು ನಮ್ದು ಗುರು!”

ಒಬ್ಬ ಭಗವಂತರಾಯನ ತೋಳು ಹಿಡಿದ, ಇನ್ನೊಬ್ಬ ಕಾಲರು ಹಿಡಿದ. ಅವನು ಸಂತೆಯಲ್ಲಿ ಚೌಕಾಸಿಗೆ ಸಿಕ್ಕ ಕುರಿಯಂತೆ ಎಳೆದ ಕಡೆಗೆಲ್ಲ ಹೋದ. ಅಂಗಿಯ ಜೇಬು ಹರಿದು ನಾಲಗೆಯಂತೆ ಜೋತಾಡಿತು. ಅಷ್ಟರಲ್ಲೂ ಅವನಿಗೆ ಮೇಡಂ ವಾಸವಾಗಿರುವ ಡಿ ಬ್ಲಾಕು ನೆನಪಾಯಿತು. ಅದೊಂದಾದರೂ ಮಾನವಾಗಿದ್ದರೆ ಸಾಕು.

“ಎಪ್ಪಾ, ಡಿ ಬ್ಲಾಕಿನ ಹೊಲದ್ದು ಹೇಳ್ರಿ! ಅದೊಂದ್ ಹೇಳಿ ಬಿಟ್ಟುಬಿಡ್ರಿ ನನ್ನ!”

ಗಲಾಟೆ ತಟ್ಟನೆ ನಿಂತಿತು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೀಸೆಯಲ್ಲೇ ನಕ್ಕರು. ಆ ಹೊಲಕ್ಕೆ ಮಾತ್ರ ಯಾವ ತಾತನೂ ಮುಂದೆ ಬರಲಿಲ್ಲ. ಕಡೆಗೆ ಪಿಳ್ಳಮ್ಮನೇ ಅವರೆಕಾಯಿಂದ ಕಣ್ಣೆತ್ತದೆ ಹೇಳಿದಳು: “ಅದು ಚೊಂಬಿನ್ ಹೊಲ ಕಣಪ್ಪಾ.”

“ಚೊಂಬು? ಹಿತ್ತಾಳಿ ಚೊಂಬು ಮಾಡ್ತಿದ್ರೇನ್ರಿ ಅಲ್ಲಿ?”

“ಮಾಡ್ತಿದ್ರು. ಚೊಂಬಲ್ಲ.”

ಓಣಿಗೆ ಓಣಿಯೇ ಬಿದ್ದು ಬಿದ್ದು ನಕ್ಕಿತು. ಬೆಳಕು ಹರಿಯುವ ಮುಂಚೆ ಊರಿಗೆ ಊರೇ ಚೊಂಬು ಹಿಡಿದು ಹೋಗುತ್ತಿದ್ದ ಬಯಲದು, ಗಂಡಸರಿಗೆ ಆ ಕಡೆ, ಹೆಂಗಸರಿಗೆ ಈ ಕಡೆ ಎಂದು ಪಿಳ್ಳಪ್ಪ ಕೈಯಾಡಿಸಿ ವಿವರಿಸಿದ. ಮೇಡಂ ಅವರ ಫ್ಲಾಟು ಯಾವ ಕಡೆಗೆ ಬರುತ್ತದೆಂದು ಕೇಳುವ ಧೈರ್ಯ ಭಗವಂತರಾಯನಿಗೆ ಬರಲಿಲ್ಲ. ನಗುವಿನ ಸಂದಿಯಲ್ಲೇ ತೂರಿಕೊಂಡು ಓಟ ಕಿತ್ತ.

ವಾಪಸು ಬಂದವನು ಡಿ ಬ್ಲಾಕಿನ ಲಾಬಿಯಲ್ಲಿ ನಿಂತು ಬೆವರು ಒರೆಸಿಕೊಂಡ. ತಿಪ್ಪೆ ಹೊಲ, ಕತ್ತೆ ಹೊಲ, ಓಡಿದ ಹೊಲ, ಚೊಂಬಿನ ಹೊಲ. ಇವನ್ನು ಹೋಗಿ ಹೇಳಿದರೆ ಸುನೀಲ ಇವತ್ತೇ ನಾಯಿಗಳಿಗೆ ಟವೆಲು ಕೊಳ್ಳುತ್ತಾನೆ. ಲಾಬಿಯ ಮೂಲೆಯಲ್ಲಿ ಒಂದು ಹಿತ್ತಾಳೆಯ ಬಿಂದಿಗೆ ಇತ್ತು. ಅದರ ಬಾಯಿಗೆ ಒಣಗಿದ ಹುಲ್ಲು ಸಿಕ್ಕಿಸಿ, ಕೆಳಗೆ ದೀಪ ಹಾಕಿ, ಅಲಂಕಾರವೆಂದು ಇಟ್ಟಿದ್ದರು. ಭಗವಂತರಾಯ ಅದನ್ನೇ ನೋಡಿದ. ಬಿಂದಿಗೆಯೂ ಪಾತ್ರೆ, ಚೊಂಬೂ ಪಾತ್ರೆ. ಚೊಂಬಿಗೆ ಸಂಸ್ಕೃತದಲ್ಲಿ ಸ್ನಾನ ಮಾಡಿಸಿದರೆ ಕುಂಭ. ಅವನ ಮುಖ ಕರೆಂಟು ಬಂದ ಮನೆಯಂತೆ ಬೆಳಗಿತು. ಲಿಫ್ಟಿನ ಗುಂಡಿ ಒತ್ತಿದ.

“ಕುಂಭದ ಹೊಲ!” ಮೇಡಂ ಕೈ ಎದೆಯ ಮೇಲಿಟ್ಟುಕೊಂಡರು. “ಯಾಕ್ ಕುಂಭ?”

ಇದನ್ನು ಭಗವಂತರಾಯ ಯೋಚಿಸಿರಲಿಲ್ಲ. “ಒಬ್ಬಾಕಿ ಹೆಣ್ಮಗಳಿದ್ಲಂತ್ರಿ. ಬಿಂದಿಗಿ ಹೊತ್ಕೊಂಡು ನಿಂತು, ದಾರಿಮ್ಯಾಲ ಹೋಗೋರಿಗೆಲ್ಲ ನೀರು ಕೊಡ್ತಿದ್ಲಂತ. ಕುಂಭಮ್ಮ ಅಂತಿದ್ರಂತ್ರಿ ಆಕಿಗಿ.”

“ಆಮೇಲೆ?”

“ಬರ ಬಂತ್ರಿ. ಊರಾಗ ನೀರಿಲ್ಲ. ಆದ್ರ ಆಕಿ ಕುಂಭದಾಗ ಮಾತ್ರ ನೀರು ತೀರ್ಲಿಲ್ಲ.”

“ಆಮೇಲೆ ಅವಳು ಏನಾದ್ಲು?”

“ಹೋದ್ಲ್ರಿ.”

“ಎಲ್ಲಿಗೆ?”

ಬೇರೆ ಜಾಗ ಹೊಳೆಯಲಿಲ್ಲ. “ಭೂಮಿಯೊಳಗ್ರಿ. ಭೂಮಿ ಬಾಯಿ ಬಿಡ್ತು, ಕುಂಭ ಸಮೇತ ಇಳಿದು ಹೋದ್ಲು.”

ಮೇಡಂ ತೋಳು ಮುಂದೆ ಚಾಚಿ ರೋಮ ಎದ್ದದ್ದನ್ನು ತೋರಿಸಿದರು. ಐರ್ಲೆಂಡಿನಲ್ಲೂ ಇಂಥದೊಂದು ಇರಲಿಲ್ಲವಂತೆ. ಆ ಹುರುಪಿನಲ್ಲಿ ಉಳಿದವೂ ಸಲೀಸಾಗಿ ಮಡಿಯಾದವು: ತಿಪ್ಪೆ ಹೊಲ ಸಿರಿಯ ಹೊಲವಾಯಿತು, ಕತ್ತೆ ಹೊಲ ಕುದುರೆ ಹೊಲವಾಯಿತು, ಗಂಡನನ್ನು ಅಟ್ಟಿದ ಅತ್ತೆ ಶತ್ರುಗಳನ್ನು ಅಟ್ಟಿದ ವೀರವನಿತೆಯಾದಳು. ಸುನೀಲ ಮಾತ್ರ ಹುಬ್ಬು ಗಂಟಿಕ್ಕಿ ಕೂತಿದ್ದ.

“ಯಾರ್ರೀ ಹೇಳಿದ್ದು ಇದನ್ನೆಲ್ಲ?”

“ಊರಿನ ಹಿರೇರು ಹೇಳ್ಯಾರ್ರಿ. ಪಿಳ್ಳಪ್ಪನೋರು, ಪಿಳ್ಳಮ್ಮನೋರು…”

“ಹಾಗಾದ್ರೆ ಅವರನ್ನೇ ಕರೆಸ್ಬೇಕು!” ಮೇಡಂ ಚಪ್ಪಾಳೆ ತಟ್ಟಿದರು. “ಶಾಲು ಹೊದಿಸಿ ಅವರ ಬಾಯಿಂದಾನೇ ಕೇಳೋಣ.”

“ನಾನೇ ಕಾರಲ್ಲಿ ಹೋಗಿ ಕರ್ಕೊಂಡ್ ಬರ್ತೀನಿ” ಎಂದ ಸುನೀಲ, ಬೇಕೆಂದೇ ಭಗವಂತರಾಯನ ಕಣ್ಣಲ್ಲಿ ಕಣ್ಣಿಟ್ಟು.

ಆ ಮಧ್ಯಾಹ್ನ ಭಗವಂತರಾಯನಿಗೆ ಅನ್ನ ಇಳಿಯಲಿಲ್ಲ. ಪಿಳ್ಳಪ್ಪ ಮೈಕು ಹಿಡಿದು “ಗಂಡಸರಿಗೆ ಆ ಕಡೆ” ಎಂದು ಕೈಯಾಡಿಸುವುದು ಕಣ್ಣಿಗೆ ಕಟ್ಟುತ್ತಿತ್ತು. ಜಟ್ಟೆಮ್ಮ ಎರಡು ಸಲ ಏನಾಯಿತೆಂದು ಕೇಳಿದಳು. “ಪಿತ್ತ” ಎಂದು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ. ಓಡಿಹೋಗಿಬಿಡಲೇ ಅನ್ನಿಸಿತು. ಆದರೆ ಕುರ್ಚಿ ಹಾಕಿಸುವವರು, ಬಾವುಟ ಕಟ್ಟಿಸುವವರು, ಮೈಕಿನವನಿಗೆ ಚಹ ಕೊಡುವವರು ಯಾರು? ತನ್ನ ಮರ್ಯಾದೆ ಹೋಗುವ ಸಭೆಗೆ ತಾನೇ ಶಾಮಿಯಾನ ಕಟ್ಟಿಸಿದ.

ಸಂಜೆ ಕ್ಲಬ್‌ಹೌಸಿನ ಮುಂದೆ ಜನ ತುಂಬಿದರು. ವರ್ಷಕ್ಕೊಮ್ಮೆ ಕನ್ನಡ ಮಾತಾಡುವವರು ಕೆಂಪು ಹಳದಿ ಶಾಲು ಹೊದ್ದು, ಬಾಡಿಗೆಗೆ ತಂದ ಸರಕಿನ ಹಾಗೆ ಒಂದೊಂದೇ ಪದವನ್ನು ಜೋಪಾನವಾಗಿ ಬಳಸುತ್ತಿದ್ದರು. ಮುಂದಿನ ಸಾಲಿನಲ್ಲಿ ರೇಷ್ಮೆ ಪಂಚೆಯ ಪಿಳ್ಳಪ್ಪ, ಹೊಸ ಸೀರೆಯ ಪಿಳ್ಳಮ್ಮ. ಹಿಂದೆ, ಒಂದು ಮೆರವಣಿಗೆಯಷ್ಟು ಸೊಣ್ಣಕುಂಟೆಯವರು. ಮೇಡಂ ಕುಂಭಮ್ಮನ ಕತೆಯನ್ನು ಭಗವಂತರಾಯ ಹೇಳಿದ್ದಕ್ಕಿಂತ ಎರಡರಷ್ಟು ಉದ್ದ ಮಾಡಿ ಹೇಳಿದರು. ಹೆಂಗಸರು ಕಣ್ಣೊರೆಸಿಕೊಂಡರು. ಕೊನೆಗೆ, “ಇಷ್ಟು ಕಷ್ಟಪಟ್ಟು ನಮ್ಮ ಬೇರು ಹುಡುಕಿಕೊಟ್ಟ ಭಗವಂತರಾಯರು ಗೇಟಿನ ರೂಮಲ್ಲೇ ಇರ್ತಾರೆ” ಎಂದು ಸಾರಿದರು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಜಟ್ಟೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

ಆಮೇಲೆ ಸುನೀಲ ಮೈಕನ್ನು ಪಿಳ್ಳಪ್ಪನ ಕೈಗೆ ಕೊಟ್ಟ. “ಹೇಳಿ ಯಜಮಾನ್ರೇ, ಈ ಕತೆ ನಿಜಾನಾ?”

ಭಗವಂತರಾಯ ಕಣ್ಣು ಮುಚ್ಚಿಕೊಂಡ.

ಪಿಳ್ಳಪ್ಪ ತನ್ನ ಹೆಗಲ ಮೇಲಿನ ಶಾಲನ್ನು ನೋಡಿಕೊಂಡ. ಎದುರಿಗೆ ಕೂತ ಇಂಗ್ಲಿಷಿನ ಜನ ತನ್ನ ಬಾಯನ್ನೇ ನೋಡುತ್ತಿರುವುದನ್ನು ನೋಡಿದ. ಮೈಕನ್ನು ಬಾಯಿಗೆ ಹತ್ತಿರ ಹಿಡಿದ.

“ಕುಂಭಮ್ಮ… ನಮ್ ಮುತ್ತಜ್ಜಿ ಸಾ.”

ಭಗವಂತರಾಯ ಕಣ್ಣು ಬಿಟ್ಟ. ಪಿಳ್ಳಪ್ಪನ ಕೆನ್ನೆಯ ಮೇಲೆ ಸಾಕ್ಷಾತ್ ಕಣ್ಣೀರು ಇಳಿಯುತ್ತಿತ್ತು. ಸುನೀಲನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಅಷ್ಟರಲ್ಲಿ ಪಿಳ್ಳಮ್ಮ ಮೈಕು ಕಿತ್ತುಕೊಂಡಳು.

“ಇವನ ಮುತ್ತಜ್ಜಿ ಯಾವಳೋ ನಂಗೊತ್ತಿಲ್ವಾ? ಕುಂಭಮ್ಮ ನಮ್ ಮನೆ ಹೆಣ್ಮಗಳು! ನಮ್ಮತ್ತೆ ದಿನಾ ದೀಪ ಹಚ್ತಿದ್ಲು!”

ಭಗವಂತರಾಯನಿಗೆ ಕುಣಿಯುವಷ್ಟು ಸಂತೋಷವಾಯಿತು. ಸುಳ್ಳು ಹೇಳಿದವನು ಅವನೊಬ್ಬ. ಸಾಕ್ಷಿಗೆ ಈಗ ಇಡೀ ಊರು. ಸೊಣ್ಣಕುಂಟೆಯವರು ಎದ್ದು ನಿಂತು ಕೈ ಮುಗಿದರು. ಯಾರೋ “ಕುಂಭಮ್ಮ ತಾಯಿಗೆ” ಎಂದು ಕೂಗಿದರೆ ಉಳಿದವರು “ಜೈ” ಎಂದರು. ಇನ್ನೇನು ಕಾರ್ಯಕ್ರಮ ಮುಗಿಯಬೇಕು, ಪಿಳ್ಳಪ್ಪ ಮತ್ತೆ ಮೈಕಿಗೆ ಬಾಯಿ ಹಾಕಿದ.

“ತಾಯಿ ಭೂಮೀಲಿ ಇಳ್ದ ಜಾಗ್ದಲ್ಲಿ ಒಂದು ಗುಡಿ ಆಗ್ಬೇಕು ಸಾ. ಅಗೋ, ಅಲ್ಲೇ ಇಳ್ದಿದ್ದು.” ಅವನ ಬೆರಳು ಈಜುಕೊಳದ ಕಡೆಗಿತ್ತು.

ಕಣ್ಣೊರೆಸಿಕೊಳ್ಳುತ್ತಿದ್ದ ಲಾರ್ಡ್ಸ್ ಮೆಡೋ ಒಮ್ಮೆಲೇ ಎಚ್ಚರವಾಯಿತು. “ಪೂಲಾ? ಸಾಧ್ಯಾನೇ ಇಲ್ಲ!” ಎಂದು ಕೂಗೆದ್ದಿತು. ಬೇರು ಎಲ್ಲರಿಗೂ ಬೇಕಿತ್ತು, ಅದು ಪೂಲಿನ ಟೈಲ್ಸು ಒಡೆದುಕೊಂಡು ಬರಬಾರದಿತ್ತು, ಅಷ್ಟೆ.

“ಅಲ್ಲಲ್ಲ, ಅಲ್ಲಿ!” ಎಂದು ಪಿಳ್ಳಮ್ಮ ಕಾರು ನಿಲ್ಲಿಸುವ ಜಾಗ ತೋರಿಸಿದಳು. ಪಾರ್ಕಿಂಗ್ ಎಂಬ ಮಾತು ಕಿವಿಗೆ ಬಿದ್ದದ್ದೇ, ಯೋಗ ಕಲಿತು ಶಾಂತರಾಗಿದ್ದವರೂ ಕುರ್ಚಿಯ ಮೇಲೆ ಹತ್ತಿದರು. ಪಿಳ್ಳಪ್ಪ ಜಿಮ್ಮಿನ ಕಡೆ ತಿರುಗಿದ. ಅಲ್ಲಿಂದಲೂ ಬೈಗುಳ ಬಂತು. ಗುಡಿ ಆಗದಿದ್ದರೆ ಏಳುವುದಿಲ್ಲವೆಂದು ಸೊಣ್ಣಕುಂಟೆಯವರು ಹುಲ್ಲಿನ ಮೇಲೆ ಕೂತುಬಿಟ್ಟರು. ಹೆಂಗಸೊಬ್ಬಳು ಆಗಲೇ ಮೈಮೇಲೆ ಬಂದವಳಂತೆ ತೂಗತೊಡಗಿದ್ದಳು. ಮೇಡಂ ಮುಖ ಬಿಳಚಿಕೊಂಡಿತು. ಐರ್ಲೆಂಡಿನ ಮುದುಕ ಹೀಗೆಲ್ಲ ಆಗುತ್ತದೆಂದು ಹೇಳಿರಲಿಲ್ಲ.

ಆಗ ಸುನೀಲನ ತಲೆ ಓಡಿತು. ನಾಯಿಗಳಿಗೆ ಸಿಗದಿದ್ದರೂ ಚಿಂತೆಯಿಲ್ಲ, ಖೋಲಿ ಭಗವಂತರಾಯನಿಗೆ ದಕ್ಕಬಾರದು. ಪಿಳ್ಳಪ್ಪನ ಹೆಗಲ ಮೇಲೆ ಕೈಹಾಕಿ, ತೊಟ್ಟಿಲು ತೂಗುವಷ್ಟು ಮೆತ್ತಗೆ ಕೇಳಿದ: “ಯಜಮಾನ್ರೇ, ಸ್ವಲ್ಪ ಸರಿಯಾಗಿ ನೆನಪು ಮಾಡ್ಕೊಳ್ಳಿ. ಗೇಟ್ ಪಕ್ಕ ಅಲ್ವಾ? ರೋಡಿಂದ ನೇರ ಬಾಗಿಲು. ನಿಮ್ಮೂರೋರು ಯಾರನ್ನೂ ಕೇಳ್ದೆ ಬರ್ಬಹುದು, ಹೋಗ್ಬಹುದು.”

ಪಿಳ್ಳಪ್ಪ ಪಿಳ್ಳಮ್ಮನನ್ನು ನೋಡಿದ. ಪಿಳ್ಳಮ್ಮ ಪಿಳ್ಳಪ್ಪನನ್ನು ನೋಡಿದಳು. ಹುಟ್ಟಿದಾಗಿನಿಂದ ಒಂದೇ ಒಂದು ವಿಷಯದಲ್ಲೂ ಒಪ್ಪದ ಇಬ್ಬರೂ ಒಟ್ಟಿಗೆ ತಲೆಯಾಡಿಸಿದರು.

“ಹೂಂ ಸಾ. ಗೇಟ್ ಪಕ್ಕಾನೇ. ಈಗ ಗ್ಯಾಪ್ನ ಬಂತು.”

ಗೇಟಿನ ಪಕ್ಕ ಇದ್ದದ್ದು ಒಂದೇ ಖೋಲಿ. ಪೂಲಿನವರು, ಪಾರ್ಕಿಂಗಿನವರು, ಜಿಮ್ಮಿನವರು ಒಂದೇ ಕೊರಳಿನಲ್ಲಿ ಸರಿ ಸರಿ ಎಂದರು. ಮೇಡಂಗೆ ಹೋದ ಜೀವ ಬಂತು. “ಭಗವಂತರಾಯ್,” ಎಂದರು ಗದ್ಗದಿತರಾಗಿ, “ಎಂಥ ಪುಣ್ಯ ನಿಮ್ಮದು. ನೀವು ಇಷ್ಟು ದಿನ ದೇವರ ಜಾಗದಲ್ಲಿ ಮಲಗಿದ್ರಿ. ಜನರೇಟರ್ ಶೆಡ್ ಪಕ್ಕ ನಿಮಗೊಂದು ಶೀಟ್ ಹಾಕಿಸ್ಕೊಡ್ತೀವಿ.”

ಎಲ್ಲ ಸುಳ್ಳು, ನಾನೇ ಕಟ್ಟಿದ ಕತೆ ಎಂದು ಕೂಗಲು ಭಗವಂತರಾಯ ಬಾಯಿ ತೆರೆದ. ಕೂಗಿದರೆ ಕೆಲಸ ಹೋಗುತ್ತದೆ. ಹುಲ್ಲಿನ ಮೇಲೆ ಕೂತವರನ್ನು ನೋಡಿದರೆ ಹಲ್ಲೂ ಹೋಗುವ ಹಾಗಿತ್ತು. ಬಾಯಿ ಮುಚ್ಚಿಕೊಂಡು ಖೋಲಿಯ ಕಡೆ ಓಡಿದ. ಜಟ್ಟೆಮ್ಮ ಅವನಿಗಿಂತ ಮೊದಲೇ ಅಲ್ಲಿದ್ದಳು. ಪಾತ್ರೆ ಪಡಗ ಹೊರಗಿಟ್ಟು, ನೆಲ ಸಾರಿಸುತ್ತಿದ್ದಳು.

“ಅದಕ್ಕ ನೋಡ್ರಿ,” ಎಂದಳು ಭಕ್ತಿಯಿಂದ ಕಣ್ಣರಳಿಸಿ, “ನನಗ ಕನಸಿನ್ಯಾಗ ಬರೇ ನೀರೇ ಕಾಣ್ಲಿಕತ್ತಿತ್ತು.”

“ಏ ಹುಚ್ಚಿ,” ಅವನು ಕಿವಿಯಲ್ಲಿ ಪಿಸುಗುಟ್ಟಿದ, “ಕುಂಭಮ್ಮ ಇಲ್ಲ, ಗಿಂಭಮ್ಮ ಇಲ್ಲ. ಮೇಡಂ ಮುಂದ ನಿಂತು ನಾನೇ ಹುಟ್ಟಿಸೀನಿ ಆಕಿಗಿ.”

ಜಟ್ಟೆಮ್ಮ ಎರಡೂ ಕೆನ್ನೆ ಬಡಿದುಕೊಂಡಳು. “ಬಿಡ್ತು ಅನ್ರಿ! ಊರಿಗೂರೇ ಹೌದನ್ಲಿಕತ್ತದ, ನಿಮಗೊಬ್ಬರಿಗೆ ಗೊತ್ತೇನು?” ಎಂದು ಅವನ ಕಡೆಗೆ ಬೆನ್ನು ತಿರುಗಿಸಿ, ರೊಟ್ಟಿ ಬಡಿಯುವ ಕಲ್ಲನ್ನು ತೊಳೆದು ಗೋಡೆಗೆ ಒರಗಿಸಿ, ಅದಕ್ಕೆ ಅರಿಸಿನ ಹಚ್ಚಿದಳು.

ಜನ ನುಗ್ಗಿದರು. ಭಗವಂತರಾಯನ ಮಂಚ, ಟ್ರಂಕು, ಒಣಹಾಕಿದ ಬನಿಯನ್ನು ಕೈಯಿಂದ ಕೈಗೆ ದಾಟಿ ಬೀದಿಗೆ ಬಂದವು. ಪಿಳ್ಳಮ್ಮ ದೀಪ ಹಚ್ಚುತ್ತಿದ್ದಳು. ಅವನು ಕಿಟಕಿಯಿಂದ ಬಗ್ಗಿ ಅವಳನ್ನು ಕೇಳಿದ:

“ಅಜ್ಜಿ, ಮುಂಜಾನಿ ನೀವೇ ಚೊಂಬಿನ ಹೊಲ ಅಂದ್ರಲ್ಲ?”

“ನೀನು ಬರೀ ಹೊಲದ್ ಹೆಸ್ರು ಕೇಳ್ದೆ. ದೇವ್ರ ವಿಷ್ಯ ಎಲ್ಲಪ್ಪಾ ಕೇಳ್ದೆ?” ಎಂದು ಪಿಳ್ಳಮ್ಮ ಬತ್ತಿ ಏರಿಸಿದಳು.

ಕಡೆಯದಾಗಿ ಮೊಳೆಗೆ ನೇತುಹಾಕಿದ್ದ ತನ್ನ ಒಳ್ಳೆಯ ಅಂಗಿಯಾದರೂ ಉಳಿಯಲಿ ಎಂದು ಭಗವಂತರಾಯ ಹೊಸ್ತಿಲಿಗೆ ಕಾಲಿಟ್ಟ. ಒಳಗೆ ಶಾಲು ಹೊದ್ದು ಚಕ್ಕಳಮಕ್ಕಳ ಹಾಕಿ ಕೂತಿದ್ದ ಪಿಳ್ಳಪ್ಪ ಕೈ ಅಡ್ಡ ಚಾಚಿದ.

“ಸಾ, ಚಪ್ಲಿ ಈಚೆಗೆ ಬುಡಿ. ಹಿಂದೆ ಲೈನ್ ಐತೆ, ಅಲ್ಲಿ ನಿಂತ್ಕಳಿ.”